ಬಾಯಿ ತಪ್ಪಿ ಬಂದದ್ದಲ್ಲ

ಏಳು ವರ್ಷಗಳ ಹಿಂದೆ ರಾಷ್ಟ್ರಮಟ್ಟದ ಒಂದು ಸೌಂದರ್ಯ ಸ್ಪರ್ಧೆಯಲ್ಲಿ ನಾನು ಕೊನೆಯ ಆರು ಮಂದಿಯಲ್ಲಿ ಒಬ್ಬಳಾಗಿ ನಿಂತಿದ್ದೆ. ನಮ್ಮ ಕಡೆಯವರು ಅದನ್ನು ಇನ್ನೂ ಮರೆತಿಲ್ಲ. ನಾನು ಕೆಲಸ ಮಾಡುವ ಉಡುಪಿಯ ಲ್ಯಾಬಿಗೆ ರಕ್ತಪರೀಕ್ಷೆಗೆ ಬಂದವರು ಕೆಲವೊಮ್ಮೆ ನನ್ನ ಮುಖವನ್ನೇ ನೋಡುತ್ತ, "ನೀವು ಆ ಕಾಂಪಿಟೀಷನ್‌ನಲ್ಲಿ ಇದ್ದವರು ಅಲ್ವಾ?" ಎನ್ನುತ್ತಾರೆ. ಹೌದು ಎನ್ನುತ್ತೇನೆ. ಮುಷ್ಟಿ ಬಿಗಿ ಹಿಡಿಯಿರಿ ಎಂದು ಹೇಳಿ ಸೂಜಿ ಚುಚ್ಚುತ್ತೇನೆ. ಮತ್ತೆ ಯಾಕೆ ಮುಂದುವರಿಸಲಿಲ್ಲ ಎಂದು ಕೇಳುವವರಿಗೆ ಮದುವೆ, ಕೆಲಸ, ಹೀಗೇ ಏನೋ ಹೇಳುತ್ತೇನೆ. ನಿಜವಾದ ಕಾರಣವನ್ನು ಬಹಳ ಕಾಲ ನನ್ನ ಗಂಡನಿಗೂ ಹೇಳಿರಲಿಲ್ಲ.

ಆ ವರ್ಷ ಸ್ಪರ್ಧೆಯ ಅಂತಿಮ ಸುತ್ತು ನಮ್ಮ ಜಿಲ್ಲೆಯಲ್ಲೇ ನಡೆಯುವುದೆಂದು ನಿಶ್ಚಯವಾಗಿತ್ತು. ಇಲ್ಲದಿದ್ದರೆ ನಾನು ಹೋಗುತ್ತಲೇ ಇರಲಿಲ್ಲ. ನನಗಾಗ ಇಪ್ಪತ್ತಮೂರು. ಲ್ಯಾಬ್ ಟೆಕ್ನಾಲಜಿ ಮುಗಿಸಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಮಣಿಪಾಲದಲ್ಲಿ ಆಯ್ಕೆಗೆ ಕರೆದಾಗ ಜೊತೆಯವರ ಒತ್ತಾಯಕ್ಕೆ ಹೋದವಳು ಹಂತ ಹಂತವಾಗಿ ಮುಂದಕ್ಕೆ ಬಂದು, ಕೊನೆಗೆ ದೇಶದ ಬೇರೆ ಬೇರೆ ಕಡೆಯಿಂದ ಬಂದ ಇಪ್ಪತ್ತನಾಲ್ಕು ಹುಡುಗಿಯರಲ್ಲಿ ಒಬ್ಬಳಾದೆ.

ನಮ್ಮ ಮನೆ ಕೆಮ್ಮಣ್ಣಿನಲ್ಲಿ. ಅಪ್ಪ ಮಲ್ಪೆಯ ಒಂದು ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು. ಸಮುದ್ರಕ್ಕೆ ಹೋದರೆ ಹತ್ತು ದಿನ ಬರುತ್ತಿರಲಿಲ್ಲ. ಅಮ್ಮ ಬೆಳಿಗ್ಗೆ ಬಂದರಿಗೆ ಹೋಗಿ ಏಲಂ ಕೂಗಿ ಮೀನು ಕೊಂಡು, ಮಧ್ಯಾಹ್ನದೊಳಗೆ ಮಾರಿ ಬರುತ್ತಿದ್ದಳು. ಮೀನು ಮಾರುವವಳ ಮಗಳು ಎಂದು ಹೇಳಿಕೊಳ್ಳಲು ನನಗೆ ಯಾವತ್ತೂ ನಾಚಿಕೆಯಾದದ್ದಿಲ್ಲ. ಸ್ಪರ್ಧೆಯವರಂತೂ ಅದನ್ನು ಕೇಳಿ ಬಹಳ ಖುಷಿಪಟ್ಟರು. ಅಮ್ಮನನ್ನು ಬುಟ್ಟಿಯ ಪಕ್ಕ ನಿಲ್ಲಿಸಿ ವಿಡಿಯೋ ಮಾಡಿದರು. ನಾನು ಮನೆಯ ಬಡತನವನ್ನು ಮುಚ್ಚಿಟ್ಟವಳಲ್ಲ. ನನ್ನ ನಾಚಿಕೆಯ ಸಂಗತಿ ಬೇರೆಯೇ.

ಹತ್ತು ದಿನದ ಶಿಬಿರ ಮಣಿಪಾಲದ ಒಂದು ಹೋಟೆಲಿನಲ್ಲಿ. ಸೊಂಟಕ್ಕೆ ಕಟ್ಟಿದ ಬಿಲ್ಲೆಯ ನಂಬರೇ ನಮ್ಮ ಹೆಸರು. ನಾನು ಒಂಬತ್ತು. ನನ್ನ ರೂಮಿಗೆ ಬಂದವಳು ಹದಿನೇಳು. ವಿದರ್ಭದ ಕಡೆಯ ಒಂದು ಸಣ್ಣ ಪಟ್ಟಣದವಳು, ನನಗಿಂತ ಎರಡು ವರ್ಷ ದೊಡ್ಡವಳು, ಹಿಂದಿಯಲ್ಲಿ ಮಾತಾಡುತ್ತಿದ್ದಳು. ಬಂದವಳೇ ಕಿಟಕಿ ತೆರೆದು, "ಸಮುದ್ರ ಎಲ್ಲಿ? ಸಮುದ್ರ ಕಾಣುತ್ತದೆ ಎಂದಿದ್ದರು," ಎಂದಳು. ಅದು ಇಲ್ಲಿಂದ ಕಾಣುವುದಿಲ್ಲ, ಇದು ಗುಡ್ಡ ಎಂದೆ. "ಹಾಗಾದರೆ ಮೊದಲ ಮೋಸ ಆಯಿತು," ಎಂದು ನಕ್ಕಳು.

ಎರಡನೆಯ ದಿನ ಬೆಳಿಗ್ಗೆ ಅವಳು ಸ್ನಾನದ ಕೋಣೆಯಲ್ಲಿ ಬಹಳ ಹೊತ್ತು ಇದ್ದಳು. ಒಳಗಿನಿಂದ ಸಣ್ಣ ಯಂತ್ರದ ಹಾಗೆ ಏನೋ ಸದ್ದು. ನಾನು ಬಾಗಿಲು ತಟ್ಟಿದೆ. ಚಿಲಕ ಸರಿಯಾಗಿ ಬಿದ್ದಿರಲಿಲ್ಲ, ಬಾಗಿಲು ತೆರೆದುಕೊಂಡಿತು. ಅವಳು ಮುಚ್ಚಿದ ಕಮೋಡಿನ ಮೇಲೆ ಕುಳಿತು ಎದೆಗೆ ಪಂಪು ಹಿಡಿದಿದ್ದಳು. ಬಾಟಲಿಯಲ್ಲಿ ಎರಡು ಬೆರಳಿನಷ್ಟು ಹಾಲು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವಳು ಹೆದರಲಿಲ್ಲ, ಸುಸ್ತಾದವಳ ಹಾಗೆ ಕಂಡಳು.

"ಬಾಗಿಲು ಹಾಕು," ಎಂದಳು. ನಾನು ಒಳಗೇ ನಿಂತು ಬಾಗಿಲು ಹಾಕಿದೆ.

"ಎಷ್ಟು ತಿಂಗಳು?"

"ಎಂಟು. ಗಂಡುಮಗು. ಅಮ್ಮನ ಜೊತೆ ಉಡುಪಿಯ ಲಾಡ್ಜಿನಲ್ಲಿದ್ದಾನೆ."

"ಗಂಡ?"

"ಇದ್ದ. ಕಾಗದದಲ್ಲಿ ಇರಲಿಲ್ಲ. ಈಗ ಎಲ್ಲಿಯೂ ಇಲ್ಲ."

ಸ್ಪರ್ಧೆಯ ಅರ್ಜಿಯಲ್ಲಿ ಒಂದು ಸಾಲು ಇತ್ತು. ಮದುವೆಯಾಗಿಲ್ಲ, ಮಗು ಹೆತ್ತಿಲ್ಲ ಎಂದು ಬರೆದು ಸಹಿ ಮಾಡಬೇಕಿತ್ತು. ಅವಳು ಸಹಿ ಮಾಡಿದ್ದಳು. "ಹದಿನೈದನೇ ವಯಸ್ಸಿನಿಂದ ಇದನ್ನೇ ಅಂದುಕೊಂಡು ಬಂದವಳು. ಮುಂದಿನ ವರ್ಷ ವಯಸ್ಸಿನ ಮಿತಿ ದಾಟುತ್ತದೆ. ಸುಳ್ಳು ಬರೆದಿದ್ದೇನೆ, ಗೊತ್ತು. ನೀನು ಹೇಳುವವಳಾದರೆ ಈಗಲೇ ಹೇಳಿಬಿಡು, ಗಂಟುಮೂಟೆ ಕಟ್ಟುತ್ತೇನೆ," ಎಂದಳು.

ನಾನು ಯಾಕೆ ಹೇಳಲಿ ಎಂದೆ. ಆಗ ಅದು ಮನಸ್ಸಿನಿಂದಲೇ ಬಂದ ಮಾತು. ನನ್ನ ಅರ್ಜಿಯಲ್ಲೂ ಸುಳ್ಳಿತ್ತು. ಎತ್ತರವನ್ನು ಒಂದು ಇಂಚು ಹೆಚ್ಚು ಬರೆದಿದ್ದೆ. ಅದನ್ನು ಅವಳಿಗೆ ಹೇಳಿದಾಗ, "ನನ್ನದು ಎರಡು ಅಡಿ ಎರಡು ಇಂಚು," ಎಂದು ಕೈಯಿಂದ ಮಗುವಿನ ಉದ್ದ ತೋರಿಸಿದಳು. ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು. ಹಾಲಿನ ಬಾಟಲಿಯನ್ನು ರೂಮಿನ ಸಣ್ಣ ಫ್ರಿಜ್ಜಿನಲ್ಲಿ ನನ್ನ ಜ್ಯೂಸಿನ ಹಿಂದೆ ಇಟ್ಟದ್ದು ನಾನೇ.

ಅವಳ ನಡಿಗೆ ಎಂಥದ್ದೆಂದು ನೋಡಿದವರಿಗೆ ಮಾತ್ರ ಗೊತ್ತು. ನಾವೆಲ್ಲ ಹಿಮ್ಮಡಿ ಎತ್ತರದ ಚಪ್ಪಲಿಯಲ್ಲಿ ಲೆಕ್ಕ ಹಾಕುತ್ತ ಹೆಜ್ಜೆ ಇಟ್ಟರೆ, ಅವಳು ಮನೆಯಂಗಳದಲ್ಲಿ ಯಾರನ್ನೋ ಎದುರುಗೊಳ್ಳಲು ಹೋಗುವವಳ ಹಾಗೆ ಹೋಗುತ್ತಿದ್ದಳು. ನನಗೆ ತಿರುವು ಕಲಿಸಿದವಳು ಅವಳೇ. ರೂಮಿನ ಎರಡು ಮಂಚಗಳ ನಡುವೆ ದಿನವೂ ನನ್ನನ್ನು ನಡೆಸಿ, "ಗಲ್ಲ ಕೆಳಗೆ ಬಿಡಬೇಡ, ಕಳೆದುಹೋದ ಪಿನ್ನು ಹುಡುಕುತ್ತಿದ್ದೀಯಾ?" ಎಂದು ಕೇಳುತ್ತಿದ್ದಳು.

ನಾಲ್ಕನೆಯ ದಿನ ಮಗುವಿಗೆ ಜ್ವರ ಬಂತು. ಲಾಡ್ಜಿನಲ್ಲಿ ಅವಳ ತಾಯಿ ಒಬ್ಬರೇ. ಗುರುತಿನವರಿಲ್ಲ, ಭಾಷೆ ಇಲ್ಲ. ಅವಳು ಫೋನು ಹಿಡಿದು ಮಂಚದ ಅಂಚಿನಲ್ಲಿ ಕುಳಿತದ್ದನ್ನು ನೋಡಿ ನಾನು ನನ್ನ ಅಮ್ಮನಿಗೆ ಫೋನು ಮಾಡಿದೆ. ನಾವು ಮನೆಯಲ್ಲಿ ತುಳು ಮಾತಾಡುವವರು. ಅಮ್ಮ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸಣ್ಣ ಮಗುವನ್ನು ಲಾಡ್ಜಿನಲ್ಲಿ ಇಡುವುದು ಎಂತದ್ದು? ಯಾವ ಲಾಡ್ಜ್ ಹೇಳು. ನಾನು ಹೋಗಿ ಕರ್ಕೊಂಡು ಬರ್ತೇನೆ."

"ಅಮ್ಮ, ಇದು ಯಾರಿಗೂ ಗೊತ್ತಾಗಬಾರದು."

"ಮಗುವಿಗೆ ಜ್ವರ ಬಂದದ್ದು ಯಾರಿಗೆ ಹೇಳ್ಲಿಕ್ಕೆ ಉಂಟು? ನೀನು ಫೋನ್ ಇಡು."

ಅಂದು ಮಧ್ಯಾಹ್ನವೇ ಅಜ್ಜಿ, ಮೊಮ್ಮಗ ಇಬ್ಬರೂ ಕೆಮ್ಮಣ್ಣಿನ ನಮ್ಮ ಮನೆಗೆ ಬಂದರು. ಬಂದರಿನಲ್ಲಿ ಹೊರರಾಜ್ಯದ ಕೆಲಸಗಾರರ ಜೊತೆ ಮಾತಾಡಿ ಅಮ್ಮನಿಗೆ ಹಿಂದಿ ಒಂದಿಷ್ಟು ಬರುತ್ತಿತ್ತು. ಡಾಕ್ಟರಿಗೆ ತೋರಿಸಿದ್ದಾಯಿತು, ಎರಡು ದಿನದಲ್ಲಿ ಜ್ವರ ಇಳಿಯಿತು. ನಮ್ಮ ಪಕ್ಕದ ಮನೆಯವರ ರಿಕ್ಷಾ ದಿನಾ ಬೆಳಗಾಗುವ ಹೊತ್ತಿಗೆ ಹೋಟೆಲಿನ ಹಿಂದಿನ ರಸ್ತೆಗೆ ಬರುತ್ತಿತ್ತು. ಹದಿನೇಳು ಓಡಲು ಹೋಗುವ ಉಡುಪಿನಲ್ಲಿ ಹೊರಟು, ಮಗುವಿಗೆ ಹಾಲು ಕೊಟ್ಟು, ಬಾಟಲಿ ಇಟ್ಟು, ತಿಂಡಿಯ ಹೊತ್ತಿಗೆ ವಾಪಸ್ ಬರುತ್ತಿದ್ದಳು. ಯಾರಾದರೂ ಕೇಳಿದರೆ ಉಡುಪಿಯ ದೇವಸ್ಥಾನಕ್ಕೆ ಹರಕೆ ಎಂದು ಹೇಳುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಇಷ್ಟರವರೆಗೆ ನಾನು ಒಳ್ಳೆಯವಳು. ಆಮೇಲಿನದನ್ನು ಬರೆಯಬೇಕೆಂದೇ ಇಷ್ಟು ಬರೆದೆ.

ಕಾಪುವಿನ ಕಡಲತೀರದಲ್ಲಿ ಫೋಟೋ ತೆಗೆಯುವ ದಿನ ನಮ್ಮನ್ನೆಲ್ಲ ದೀಪಸ್ತಂಭದ ಬಂಡೆಯ ಕೆಳಗೆ ನಿಲ್ಲಿಸಿದರು. ಹದಿನೇಳು ಸಮುದ್ರವನ್ನು ನೋಡಿದ್ದು ಅದೇ ಮೊದಲು. ಅಲೆ ಬಂದು ಪಾದದ ಕೆಳಗಿನ ಮರಳನ್ನು ಎಳೆದುಕೊಂಡಾಗ ಬೆಚ್ಚಿ ನನ್ನ ಕೈ ಹಿಡಿದಳು. ಫೋಟೋ ತೆಗೆಯುವವರು ಅವಳ ಆ ಮುಖವನ್ನೇ ನೋಡಿ, "ನೀನು ಮುಂದೆ ಬಾ," ಎಂದರು. ಅರ್ಧ ಗಂಟೆ ಅವಳೊಬ್ಬಳದ್ದೇ ತೆಗೆದರು. ಬಿಸಿಲಿನಲ್ಲಿ ಅವಳ ಸೆರಗು ಹಿಡಿದುಕೊಂಡು ನಿಂತವಳು ನಾನು. ಇದು ನನ್ನ ಸಮುದ್ರ, ಇಲ್ಲಿ ನಾನು ಸೆರಗು ಹಿಡಿಯಬೇಕೇ ಎಂಬ ಒಂದು ಸಣ್ಣ ಉರಿ ಅಲ್ಲಿ ಹುಟ್ಟಿತು.

ಮರುದಿನ ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಪಕ್ಕದಲ್ಲಿ ನನ್ನ ಮೊಣಕೈ ಮಾತ್ರ ಇತ್ತು. ಅಮ್ಮನಿಗೆ ಫೋನು ಮಾಡಿದೆ.

"ಪೇಪರ್ ನೋಡಿದೆ. ಅವಳು ಚಂದ ಬಂದಿದ್ದಾಳೆ," ಎಂದಳು ಅಮ್ಮ. "ಮಗು ಇವತ್ತು ಗಂಜಿ ತಿಂದಿತು ಗೊತ್ತುಂಟಾ? ನನ್ನ ಮೂಗು ಹಿಡಿದು ಎಳೀತದೆ."

ಐದು ನಿಮಿಷ ಮಗುವಿನ ಕತೆ ಹೇಳಿದಳು. ನನ್ನ ಊಟವಾಯಿತಾ ಎಂದು ಕೇಳಲಿಲ್ಲ. ಇಪ್ಪತ್ತಮೂರು ವರ್ಷದ ಹುಡುಗಿ ಎಂಟು ತಿಂಗಳ ಮಗುವಿನ ಮೇಲೆ ಹೊಟ್ಟೆಕಿಚ್ಚುಪಟ್ಟಳು ಎಂದು ಬರೆಯುವಾಗ ಈಗ ಕೈ ನಿಲ್ಲುತ್ತದೆ. ಆದರೆ ಆದದ್ದು ಹಾಗೆಯೇ.

ಏಳನೆಯ ದಿನ ಸಂಜೆ ಪಟ್ಟಿ ಹಾಕಿದರು. ಅಲ್ಲಿಯವರೆಗಿನ ಅಂಕಗಳ ಮೇಲೆ ಮೂವರು ನೇರವಾಗಿ ಕೊನೆಯ ಹತ್ತಕ್ಕೆ ಹೋಗುತ್ತಾರೆ. ಮೊದಲ ಹೆಸರು ಹದಿನೇಳು. ನನ್ನದು ಇರಲಿಲ್ಲ. ಅವಳು ನನ್ನನ್ನು ತಬ್ಬಿಕೊಂಡು, "ನಿನ್ನ ತಿರುವು ಸರಿಯಾದರೆ ನೀನೂ ಬರುತ್ತೀ, ಇವತ್ತು ಇನ್ನೊಂದು ಗಂಟೆ ನಡೆಯೋಣ," ಎಂದಳು. ತಲೆನೋವು ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದೆ.

ಮರುದಿನ ಕಾರ್ಕಳ. ಗೊಮ್ಮಟಬೆಟ್ಟದ ಬುಡದಲ್ಲಿ ಚಪ್ಪಲಿ ಬಿಟ್ಟು, ಬಂಡೆಯಲ್ಲಿ ಕೊರೆದ ಮೆಟ್ಟಿಲು ಹತ್ತಿ, ಮೇಲೆ ಒಂದಿಷ್ಟು ಫೋಟೋ, ವಿಡಿಯೋ. ಇಳಿಯುವಾಗ ಬಂಡೆ ಕಾದಿತ್ತು. ಎಲ್ಲರೂ ಅಯ್ಯೋ ಅಯ್ಯೋ ಎನ್ನುತ್ತ ಓಡುತ್ತಿದ್ದರು. ನಾನು ನಿಧಾನ ಇಳಿಯುತ್ತಿದ್ದೆ. ನನ್ನ ತಲೆಯಲ್ಲಿ ಒಂದು ವಾಕ್ಯ ಓಡುತ್ತಿತ್ತು. ಅದನ್ನು ಹೇಗೆ ಹೇಳಬೇಕು, ಎಲ್ಲಿ ನಿಲ್ಲಿಸಬೇಕು, ಆಮೇಲೆ ಮುಖ ಹೇಗಿರಬೇಕು ಎಂದು ಯೋಚಿಸುತ್ತಿದ್ದೆ. ಈ ಮೆಟ್ಟಿಲುಗಳ ವಿಷಯವನ್ನು ನಾನು ವರ್ಷಾನುಗಟ್ಟಲೆ ಬಿಟ್ಟು ಹೇಳುತ್ತಿದ್ದೆ. ನನಗೆ ನಾನೇ ಹೇಳಿಕೊಳ್ಳುವಾಗಲೂ ಕತೆಯನ್ನು ಬಸ್ಸಿನಿಂದ ಶುರು ಮಾಡುತ್ತಿದ್ದೆ.

ಬಸ್ಸಿನಲ್ಲಿ ನಮ್ಮ ಮೇಲ್ವಿಚಾರಕಿ ಮುಂದಿನ ಸೀಟಿನಲ್ಲಿ ಒಬ್ಬರೇ ಕುಳಿತಿದ್ದರು. ಐವತ್ತು ದಾಟಿದ ಮುಂಬೈಯ ಹೆಂಗಸು, ಎಲ್ಲರೂ ಮೇಡಂ ಎನ್ನುತ್ತಿದ್ದೆವು. ಯಾರಿಗೆ ಯಾವ ಮಾತ್ರೆ ಬೇಕು ಎಂಬುದು ಅವರಿಗೆ ನೆನಪಿರುತ್ತಿತ್ತು. ಸಾಮಾನ್ಯವಾಗಿ ನಾನು ಹದಿನೇಳರ ಪಕ್ಕ ಕೂರುವವಳು. ಅಂದು ವಾಂತಿ ಬಂದ ಹಾಗಾಗುತ್ತದೆ ಎಂದು ನೆಪ ಹೇಳಿ ಮೇಡಂ ಪಕ್ಕ ಹೋಗಿ ಕುಳಿತೆ. ಅವರಾಗಿ ಕೇಳುತ್ತಾರೆಂದು ನನಗೆ ಗೊತ್ತಿತ್ತು. ಹಿಂದಿನ ದಿನ ಗೇಟಿನ ಕಾವಲಿನವರು ಅವರಿಗೆ ಏನೋ ಹೇಳುವುದನ್ನು ನೋಡಿದ್ದೆ.

ಕಾರ್ಕಳ ದಾಟಿದ ಮೇಲೆ ಕೇಳಿದರು. "ನಿನ್ನ ರೂಮಿನವಳು ದಿನಾ ಬೆಳಿಗ್ಗೆ ರಿಕ್ಷಾದಲ್ಲಿ ಎಲ್ಲಿಗೆ ಹೋಗುತ್ತಾಳೆ?"

ದೇವಸ್ಥಾನಕ್ಕೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಅವಳ ಮಗುವಿಗೆ ಜ್ವರ ಇತ್ತು ಮೇಡಂ, ಅದಕ್ಕೆ..." ಎಂದು ನಿಲ್ಲಿಸಿದೆ. ಕೈಯನ್ನು ಬಾಯಿಗೆ ಒಯ್ದೆ. ಅದನ್ನೂ ಮೆಟ್ಟಿಲಿಳಿಯುವಾಗ ಯೋಚಿಸಿ ಇಟ್ಟಿದ್ದೆ.

"ಯಾರ ಮಗು?"

"ಏನಿಲ್ಲ ಮೇಡಂ. ಬಾಯಿ ತಪ್ಪಿ ಬಂತು."

"ಮಗಳೇ, ಯಾರ ಮಗು ಎಂದು ಕೇಳಿದೆ."

ನಾನು ಅತ್ತುಬಿಟ್ಟೆ. ಅಳು ಮಾತ್ರ ಯೋಚಿಸಿ ಇಟ್ಟದ್ದಲ್ಲ. ಮೇಡಂ ನನ್ನ ತಲೆ ಸವರಿ, "ನಿನ್ನದೇನೂ ತಪ್ಪಿಲ್ಲ," ಎಂದರು. ಮಗು ಈಗ ಎಲ್ಲಿದೆ ಎಂದಾಗ, ಯಾರೋ ಗುರುತಿನವರ ಮನೆಯಲ್ಲಂತೆ, ನನಗೆ ಸರಿಯಾಗಿ ಗೊತ್ತಿಲ್ಲ ಎಂದೆ. ಹಿಂದಿನ ಸೀಟುಗಳಲ್ಲಿ ಹುಡುಗಿಯರು ಅಂತ್ಯಾಕ್ಷರಿ ಹಾಡುತ್ತಿದ್ದರು. ಅದರಲ್ಲಿ ಅವಳ ದನಿಯೂ ಇತ್ತು.

ಮರುದಿನ ಅವಳನ್ನು ಕಚೇರಿಯ ಕೋಣೆಗೆ ಕರೆದರು. ನಾವು ಹಾಲ್‌ನಲ್ಲಿ ನೃತ್ಯದ ಅಭ್ಯಾಸದಲ್ಲಿದ್ದೆವು. ಸುಮಾರು ಒಂದು ಗಂಟೆಯ ನಂತರ ಅವಳು ಹಾಲ್‌ನ ಬಾಗಿಲಿಗೆ ಬಂದಳು. ಸೊಂಟದಲ್ಲಿ ಬಿಲ್ಲೆ ಇರಲಿಲ್ಲ. ಅಭ್ಯಾಸ ಮಾಡಿಸುವವರು ಹಾಡು ನಿಲ್ಲಿಸಿದರು. ಮನೆಯಲ್ಲಿ ತುರ್ತು ಕೆಲಸ ಬಂತು, ಹೋಗುತ್ತಿದ್ದೇನೆ ಎಂದು ಎಲ್ಲರಿಗೂ ಹೇಳಿದಳು. ಹಾಗೆಯೇ ಹೇಳಬೇಕೆಂದು ಅವಳಿಗೆ ಸೂಚನೆಯಾಗಿತ್ತೆಂದು ಕಾಣುತ್ತದೆ. ಒಬ್ಬೊಬ್ಬರನ್ನೇ ತಬ್ಬಿ ನನ್ನ ಹತ್ತಿರ ಬಂದಳು. ನಾನು ನೆಲ ನೋಡುತ್ತಿದ್ದೆ.

"ನೋಡು, ಗಲ್ಲ ಮತ್ತೆ ಕೆಳಗೆ ಹೋಯಿತು," ಎಂದಳು. "ಎಡಕ್ಕೆ ತಿರುಗುವಾಗ ನಿನಗೆ ಹಾಗಾಗುತ್ತದೆ. ನಾಳೆ ನೆನಪಿಡು."

ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಧ್ಯಾಹ್ನ ಅಮ್ಮ ಫೋನು ಮಾಡಿದಳು. "ಅವಳು ಬಂದು ಇಬ್ಬರನ್ನೂ ಕರ್ಕೊಂಡು ಹೋದಳು. ಮುಖ ಊದಿತ್ತು. ಎಂತ ಆದದ್ದು?"

"ಯಾರೋ ಹೇಳಿದ್ದಾರೆ ಅಮ್ಮ."

"ಯಾರು?"

"ಗೊತ್ತಿಲ್ಲ."

"ಊಟ ಮಾಡಿ ಹೋಗಿ ಅಂದೆ, ಕೂರಲಿಲ್ಲ. ಬುತ್ತಿ ಕಟ್ಟಿ ಕೊಟ್ಟೆ. ಪಾಪದ ಹುಡುಗಿ." ಫೋನು ಇಡುವ ಮೊದಲು ಅಮ್ಮ, "ಯಾರೇ ಆಗಲಿ, ಅವರಿಗೆ ಎಂತ ಸಿಕ್ಕಿತು?" ಎಂದಳು.

ಸಿಕ್ಕಿದ್ದು ನನಗೆ. ತೆರವಾದ ಜಾಗಕ್ಕೆ ಅಂಕಪಟ್ಟಿಯಲ್ಲಿ ಮುಂದಿನವರನ್ನು ತೆಗೆದುಕೊಂಡರು. ಅದು ನಾನಾಗಿರಲಿಲ್ಲ, ಬೇರೊಬ್ಬಳು. ಆದರೆ ಉಳಿದ ಏಳು ಜಾಗಗಳಲ್ಲಿ ಒಂದು ನನಗೆ ಬಂತು. ಆಮೇಲೆ ಕೊನೆಯ ಆರಕ್ಕೂ ಬಂದೆ. ಅವಳು ಇದ್ದಿದ್ದರೂ ಬಹುಶಃ ನಾನು ಅಷ್ಟಕ್ಕೆ ಬರುತ್ತಿದ್ದೆ. ಈ ಲೆಕ್ಕವನ್ನು ಎಷ್ಟು ಸಲ ಹಾಕಿದ್ದೇನೋ ನನಗೇ ತಿಳಿಯದು. ಯಾವ ಕಡೆಯಿಂದ ಹಾಕಿದರೂ ನಾನು ಮಾಡಿದ್ದು ಒಂದು ಕವಡೆಯಷ್ಟೂ ಕಡಿಮೆಯಾಗುವುದಿಲ್ಲ.

ಅಂತಿಮ ಸಂಜೆ ಅಮ್ಮ ನೆರೆಯ ಮೂವರು ಹೆಂಗಸರ ಜೊತೆ ಬಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದಳು. ನನಗೆ ಬಂದ ಪ್ರಶ್ನೆ: ಈ ಹತ್ತು ದಿನಗಳಲ್ಲಿ ನೀನು ಕಲಿತದ್ದೇನು? ನಾನು ಉತ್ತರ ಹೇಳಿದೆ. ಒಬ್ಬ ಹೆಣ್ಣು ಇನ್ನೊಬ್ಬ ಹೆಣ್ಣಿಗೆ ಮೆಟ್ಟಿಲಾಗಬೇಕು, ಗೋಡೆಯಾಗಬಾರದು ಎಂದು ಕಲಿತೆ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೇಳುವಾಗ ನನಗೆ ಏನೂ ಅನಿಸಲಿಲ್ಲ ಎಂಬುದನ್ನೂ ಬರೆದುಬಿಡಬೇಕು. ಎಡಕ್ಕೆ ತಿರುಗುವಾಗ ಗಲ್ಲ ಎತ್ತಿಕೊಂಡೇ ಇದ್ದೆ. ಕಿರೀಟ ಬೇರೆಯವಳಿಗೆ ಹೋಯಿತು.

ಮುಗಿದ ಮೇಲೆ ಜನ ವೇದಿಕೆಯ ಹತ್ತಿರ ಸೇರಿದರು. ಅಮ್ಮ ಬಂದು ನನ್ನ ಕೆನ್ನೆ ಮುಟ್ಟಿ ನೋಡಿ, "ಎಂತ ಇಷ್ಟು ಬಣ್ಣ ಮಾರಾಯ್ತಿ," ಎಂದು ನಗುತ್ತಿದ್ದಳು. ಅಷ್ಟರಲ್ಲಿ ಮೇಡಂ ಬಂದರು. ಅಮ್ಮನ ಎರಡೂ ಕೈ ಹಿಡಿದು ಹಿಂದಿಯಲ್ಲಿ ನಿಧಾನವಾಗಿ, ಅರ್ಥವಾಗುವ ಹಾಗೆ ಹೇಳಿದರು. "ನಿಮ್ಮ ಮಗಳು ಗೆಲ್ಲದಿದ್ದರೂ ಚಿನ್ನದಂಥವಳು. ಸತ್ಯ ಹೇಳುವವಳು. ಅವಳು ಸಮಯಕ್ಕೆ ಹೇಳದಿದ್ದರೆ, ಆ ಮಗು ಇದ್ದವಳ ವಿಷಯದಲ್ಲಿ ನಮ್ಮ ಮಾನ ಹೋಗುತ್ತಿತ್ತು."

ಅಮ್ಮನಿಗೆ ಹಿಂದಿ ಅಷ್ಟು ಬರದಿದ್ದರೆ ಒಳ್ಳೆಯದಿತ್ತು ಎಂದು ಆ ಗಳಿಗೆಯಲ್ಲಿ ನಾನು ಅಂದುಕೊಂಡೆ. ಅಮ್ಮ ಮೇಡಂಗೆ ಕೈ ಮುಗಿದಳು. ನನ್ನ ಕಡೆ ನೋಡಲಿಲ್ಲ. ನೆರೆಯವರ ಹತ್ತಿರ, "ಹೊರಡುವ, ರಿಕ್ಷಾ ಕಾಯ್ತಾ ಉಂಟು," ಎಂದಳು.

ಮರುದಿನ ಬೆಳಿಗ್ಗೆ ನಾನು ಮನೆಗೆ ಬಂದಾಗ ಅಮ್ಮ ಹಿತ್ತಿಲಿನಲ್ಲಿ ಮೀನು ಕೊಯ್ಯುತ್ತ ಕುಳಿತಿದ್ದಳು. ಪಕ್ಕದಲ್ಲಿ ನಿಂತೆ.

"ಅವರು ನಮ್ಮ ಮನೆಯಲ್ಲಿ ಎಷ್ಟು ದಿನ ಇದ್ದರು?" ಎಂದಳು.

"ಐದು."

"ಐದು ದಿನ ನಮ್ಮ ಅನ್ನ ತಿಂದವರು."

"ಬಾಯಿ ತಪ್ಪಿ ಬಂತು ಅಮ್ಮ. ಮೇಡಂ ಕೇಳಿದರು, ನನಗೆ ಗೊತ್ತಾಗದೆ..."

ಅಮ್ಮ ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟಳು. "ನಿನ್ನನ್ನು ಹೆತ್ತವಳು ನಾನು. ನಿನಗೆ ಬಾಯಿ ತಪ್ಪುವುದಿಲ್ಲ," ಎಂದಳು. "ನೀನು ಸುಳ್ಳು ಹೇಳಿದ್ದಾದರೆ ಹೋಗಿ ತಿದ್ದಿ ಬಾ ಅಂತ ಹೇಳಬಹುದಿತ್ತು. ಹೇಳಿದ್ದು ನಿಜ. ಈಗ ಎಂತ ಮಾಡ್ಲಿಕ್ಕೆ ಉಂಟು?" ಎಂದು ಮತ್ತೆ ಮೀನು ಕೈಗೆ ತೆಗೆದುಕೊಂಡಳು.

ಆ ವಿಷಯ ಅಲ್ಲಿಂದ ಮುಂದೆ ಅವಳ ಬಾಯಲ್ಲಿ ಬರಲಿಲ್ಲ. ಸಮುದ್ರದಿಂದ ಬಂದ ಅಪ್ಪನಿಗೂ ಅವಳು ಹೇಳಿರಲಿಲ್ಲ. ಅಪ್ಪ ಬೋಟಿನವರಿಗೆಲ್ಲ ಸಿಹಿ ಹಂಚಿದ. ಕಾಪುವಿನಲ್ಲಿ ಒಂದು ಮಹಿಳಾ ಸಂಘದವರು ನನ್ನನ್ನು ಸನ್ಮಾನಕ್ಕೆ ಕರೆದಾಗ, "ನನಗೆ ಬಂದರಿಗೆ ಹೋಗ್ಲಿಕ್ಕೆ ಉಂಟು," ಎಂದು ಅಮ್ಮ ಬರಲಿಲ್ಲ. ಅವರು ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ವೇದಿಕೆಯಲ್ಲಿ ನಾನು ಹೇಳಿದ ಆ ಮೆಟ್ಟಿಲು ಗೋಡೆಯ ಮಾತನ್ನೇ ಮತ್ತೊಮ್ಮೆ ಹೇಳಬೇಕೆಂದು ಕೇಳಿಕೊಂಡರು. ಮೈಕಿನ ಮುಂದೆ ನಿಂತೆ. ಗಂಟಲು ಕಟ್ಟಿದೆ ಎಂದು ಹೇಳಿ ಕೆಳಗಿಳಿದೆ. ಭಾವುಕಳಾಗಿದ್ದಾಳೆಂದು ಅವರು ಚಪ್ಪಾಳೆ ತಟ್ಟಿದರು. ಆಮೇಲೆ ಬಂದ ಎರಡು ಮೂರು ಜಾಹೀರಾತಿನ ಕರೆಗಳಿಗೂ ಹೋಗಲಿಲ್ಲ. ಹೋಗದೆ ಇದ್ದದ್ದು ಪ್ರಾಯಶ್ಚಿತ್ತವೆಂದು ಕೆಲವು ಕಾಲ ಅಂದುಕೊಂಡಿದ್ದೆ. ನಿಜವೆಂದರೆ, ಅಲ್ಲಿ ಯಾರಾದರೂ ಅವಳ ವಿಷಯ ಎತ್ತಿಯಾರು ಎಂಬ ಹೆದರಿಕೆ.

ನಾನು ಅವಳಿಗೆ ಒಂದು ಸಂದೇಶ ಕಳಿಸಿದ್ದೆ. ಶಿಬಿರ ಮುಗಿದು ತಿಂಗಳಾದ ಮೇಲೆ. ಹೇಗಿದ್ದೀ, ಮಗು ಹೇಗಿದೆ ಎಂದು, ಏನೂ ಆಗದವಳ ಹಾಗೆ. ಉತ್ತರ ಬರಲಿಲ್ಲ. ಮುಂದೆ ಫೋನು ಬದಲಾಯಿಸಿದಾಗ ಆ ನಂಬರು ಹೋಯಿತು. ಹೋಗಲೆಂದು ಬಿಟ್ಟೆ.

ಮೂರು ವರ್ಷದ ಹಿಂದೆ ಮದುವೆಯಾಯಿತು. ಗಂಡ ಮಣಿಪಾಲದಲ್ಲಿ ಕೆಲಸದಲ್ಲಿದ್ದಾನೆ, ಮನೆ ಉಡುಪಿಯಲ್ಲಿ. ಅವನಿಗೆ ನಾನು ಹೇಳಿದ್ದು ಬಸ್ಸಿನಿಂದ ಶುರುವಾಗುವ, ಬಾಯಿ ತಪ್ಪಿತೆಂಬ ಕತೆ. ಮಗಳು ಹುಟ್ಟಿ ಆರು ತಿಂಗಳಿಗೆ ಕೆಲಸಕ್ಕೆ ಮರಳಿದೆ. ಲ್ಯಾಬಿನಲ್ಲಿ ಅದಕ್ಕೆಂದು ಜಾಗವಿಲ್ಲ. ಕೆಮಿಕಲ್ ಡಬ್ಬಗಳನ್ನಿಡುವ ಕೋಣೆಯಲ್ಲಿ ಸ್ಟೂಲಿನ ಮೇಲೆ ಕುಳಿತು ಎದೆಗೆ ಪಂಪು ಹಿಡಿದುಕೊಳ್ಳುತ್ತಿದ್ದೆ. ಒಂದು ದಿನ ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು. ಹೊಸದಾಗಿ ಸೇರಿದ ಹುಡುಗಿ, ಡಬ್ಬ ತೆಗೆದುಕೊಳ್ಳಲು ಬಂದವಳು. ಒಂದು ನಿಮಿಷ ಎಂದೆ. ಅವಳು, "ಪರವಾಗಿಲ್ಲ ಮೇಡಂ, ನಾನು ಇಲ್ಲೇ ನಿಲ್ತೇನೆ, ಯಾರನ್ನೂ ಬಿಡುವುದಿಲ್ಲ," ಎಂದಳು. ಒಳಗೆ ಕುಳಿತ ನನಗೆ ಹಾಲು ನಿಂತೇಹೋಯಿತು. ಅಂದು ಎಷ್ಟು ಪ್ರಯತ್ನಿಸಿದರೂ ಬರಲಿಲ್ಲ.

ಆ ಭಾನುವಾರ ಕೆಮ್ಮಣ್ಣಿಗೆ ಹೋಗಿ ಅಮ್ಮನಿಗೆ ಹೇಳಿದೆ. "ಅಮ್ಮ, ಆ ಹುಡುಗಿಯನ್ನು ಹುಡುಕಬೇಕು. ಎಲ್ಲಿ ಅಂತ ಹುಡುಕುವುದೋ ಗೊತ್ತಾಗುವುದಿಲ್ಲ."

ಅಮ್ಮ ನನ್ನ ಮಗಳ ಕೂದಲಿಗೆ ಎಣ್ಣೆ ಹಚ್ಚುತ್ತಿದ್ದಳು. ಯಾವ ಹುಡುಗಿ ಎಂದು ಕೇಳಲಿಲ್ಲ.

"ನಂಬರ್ ನನ್ನ ಹತ್ತಿರ ಉಂಟು."

"ಯಾವಾಗಿನಿಂದ?"

"ಅವರು ಇಲ್ಲಿಂದ ಹೋದ ದಿನದಿಂದ. ಅಜ್ಜಿ ಹಬ್ಬಕ್ಕೆಲ್ಲ ಫೋನ್ ಮಾಡ್ತಾರೆ. ಮಾಣಿ ಈಗ ಶಾಲೆಗೆ ಹೋಗ್ತಾನೆ. ನಾನು ಒಣಸಿಗಡಿ ಕಳಿಸಿದ್ದೆ ಒಂದು ಸಲ, ವಾಸನೆ ಅಂತ ಅವರು ತಿನ್ನಲಿಲ್ಲ. ಮತ್ತೆ ಹಪ್ಪಳ ಕಳಿಸಿದೆ."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ," ಎಂದಳು ಅಮ್ಮ.

ನಂಬರು ಕೈಯಲ್ಲಿಟ್ಟುಕೊಂಡು ಒಂದು ವಾರ ಕಳೆದೆ. ಕೊನೆಗೆ ಒಂದು ಮಧ್ಯಾಹ್ನ, ಲ್ಯಾಬಿನ ಊಟದ ಹೊತ್ತಿನಲ್ಲಿ, ಮಹಡಿಗೆ ಹೋಗಿ ಮಾಡಿದೆ. ಎತ್ತಿದವಳು ಅವಳೇ. ನಾನು ಯಾರೆಂದು ಹೇಳಿದೆ. ಹಿಂದೆ ಹೊಲಿಗೆ ಯಂತ್ರದ ಹಾಗೆ ಏನೋ ಸದ್ದು ಬರುತ್ತಿತ್ತು, ಅದು ನಿಂತಿತು.

"ಒಂಬತ್ತು," ಎಂದಳು.

ನಾನು ಏನೇನೋ ಹೇಳಲು ಬರೆದಿಟ್ಟುಕೊಂಡಿದ್ದೆ. ಅದೆಲ್ಲ ಬಿಟ್ಟು, "ಆ ದಿನ ಮೇಡಂಗೆ ಹೇಳಿದ್ದು ನಾನು. ಬಾಯಿ ತಪ್ಪಿ ಅಲ್ಲ, ಬೇಕೆಂದೇ ಹೇಳಿದ್ದು," ಎಂದೆ.

"ಗೊತ್ತು. ಅಲ್ಲಿ ನಿನ್ನನ್ನು ಬಿಟ್ಟು ಬೇರೆ ಯಾರಿಗೆ ಗೊತ್ತಿತ್ತು?"

"ಮತ್ತೆ ನನ್ನ ಅಮ್ಮನಿಗೆ ಯಾಕೆ ಹೇಳಲಿಲ್ಲ? ನೀನು ಮನೆಗೆ ಹೋಗಿದ್ದೆಯಲ್ಲ."

"ನಾನು ಹೋದಾಗ ನಿನ್ನ ಅಮ್ಮ ನನ್ನ ಮಗನಿಗೆ ಸ್ನಾನ ಮಾಡಿಸಿ ಕಾಲ ಮೇಲೆ ಮಲಗಿಸಿಕೊಂಡಿದ್ದರು. ಅವರಿಗೆ ಏನು ಹೇಳಬೇಕಿತ್ತು?"

ನಾನು ಕ್ಷಮಿಸು ಎಂದೆ.

"ಎರಡು ವರ್ಷ ನಿನ್ನ ಮೇಲೆ ಸಿಟ್ಟಿತ್ತು," ಎಂದಳು. "ಸಿಟ್ಟು ಅಂದರೆ, ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗಲೂ ಇರುತ್ತಿತ್ತು. ಆಮೇಲೆ ಕೆಲಸ ಜಾಸ್ತಿಯಾಯಿತು, ಮಗ ದೊಡ್ಡವನಾದ, ಸಿಟ್ಟಿಗೆ ಪುರುಸೊತ್ತು ಸಿಗಲಿಲ್ಲ. ಕ್ಷಮಿಸಿದೆ ಎಂದು ಹೇಳುವುದು ಸುಲಭ. ಆದರೆ ಹೇಳಿದರೆ ನಿನಗೆ ಹಗುರವಾಗುತ್ತದೆ, ನನಗೆ ಏನಾಗುತ್ತದೆ ಗೊತ್ತಿಲ್ಲ. ಹಾಗಾಗಿ ಇವತ್ತು ಹೇಳುವುದಿಲ್ಲ."

ಸರಿ ಎಂದೆ.

"ನಿನಗೆ ಮಗು ಆಯಿತಂತೆ. ನಿನ್ನ ಅಮ್ಮ ಹೇಳಿದರು. ಹಾಲು ಸಾಕಾಗುತ್ತದಾ?"

ಇಲ್ಲ, ಕಡಿಮೆ ಎಂದೆ. ನೀರು ಹೆಚ್ಚು ಕುಡಿ, ಕೆಲಸದ ನಡುವೆ ಗಾಬರಿಯಲ್ಲಿ ಕೂರಬೇಡ ಎಂದಳು. ಅಷ್ಟರಲ್ಲಿ ಯಾರೋ ಬಂದರೆಂದು ಕಾಣುತ್ತದೆ, ಬ್ಲೌಸಿನ ಅಳತೆಯ ಮಾತು ಕೇಳಿಸಿತು. ಆಮೇಲೆ ಮಾತಾಡೋಣ ಎಂದಾಗಲೀ ಮಾಡಬೇಡ ಎಂದಾಗಲೀ ಹೇಳದೆ ಫೋನಿಟ್ಟಳು.

ಅವಳೀಗ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ, ಸಂಜೆ ನಾಲ್ಕಾರು ಹುಡುಗಿಯರಿಗೆ ನಡಿಗೆ ಕಲಿಸುತ್ತಾಳೆ ಎಂದು ಅಮ್ಮ ಆಮೇಲೆ ಹೇಳಿದಳು. ನಾನು ಮತ್ತೆ ಫೋನು ಮಾಡಿಲ್ಲ. ಮಾಡಬಾರದೆಂದಲ್ಲ. ಮಾಡಿದರೆ ಆ ಮಾತಿಗಾಗಿ ಕಾಯುತ್ತಿದ್ದೇನೆಂದು ಅವಳಿಗೆ ಗೊತ್ತಾಗುತ್ತದೆ.

ಅವಳಿಗೆ ಫೋನು ಮಾಡಿದ ದಿನ ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದೆ, ಗೊಮ್ಮಟಬೆಟ್ಟದ ಮೆಟ್ಟಿಲಿನಿಂದ ಶುರು ಮಾಡಿ. ಅವನು ಮಗಳಿಗೆ ಅನ್ನ ತಿನ್ನಿಸುತ್ತ ಪೂರ್ತಿ ಕೇಳಿದ. "ಎಷ್ಟು ಹಳೆಯ ವಿಷಯ ಅದು. ಆಗ ನಿನಗೆ ಪ್ರಾಯ ಎಷ್ಟು? ಅವಳು ಬರೆದದ್ದೂ ಸುಳ್ಳೇ ಅಲ್ವಾ? ಬಿಟ್ಟುಬಿಡು," ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಕೇಳಿ ನನಗೆ ಒಂದು ಗಳಿಗೆ ಹಾಯೆನಿಸಿತು. ಹಾಗೆ ಅನಿಸಿದ್ದಕ್ಕೆ ಆಮೇಲೆ ಅವನ ಮುಖ ನೋಡಲಾಗದೆ, ತಟ್ಟೆ ತೊಳೆಯುವ ನೆಪದಲ್ಲಿ ಎದ್ದು ಒಳಗೆ ಹೋದೆ.